ಮೇಜರ್ ಸಾಹೇಬರ ಬಲಗೈ

ಮೇಜರ್: ಆಗಲ್ಲ ಅಂದ್ರೆ ಆಗಲ್ಲ! ನಾಳೆ ಪಾದ್ರಿ ಮದುವೆ ಸಾರಿ ‘ಯಾರದಾದ್ರೂ ತಕರಾರಿದೆಯಾ’ ಅಂದ ಕೂಡ್ಲೇ ಚರ್ಚಲ್ಲೇ ಎದ್ದು ನಿಂತು ‘ನನ್ನ ಒಪ್ಪಿಗೆ ಇಲ್ಲ’ ಅಂತೀನಿ. ಹುಡುಗಿಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ. ಅಲ್ಲಿಗೆ ಮುಗೀತು!

ವಿನಿಫ್ರೆಡ್: ನಿಲ್ಲಿ, ಯಾರು ಬೇಡ ಅಂದ್ರು? ಹೋದ ಭಾನುವಾರ ಗೊರಕೆ ಹೊಡೀತಿದ್ರಿ. ಎಚ್ಚರ ಇದ್ರೆ ತಾನೆ ನಿಲ್ಲೋದು!

ನಿವೃತ್ತ ಮೇಜರ್ ಲಾಂಗ್ರಿಜ್ ಅವರ ಗಂಟಲು ಗೊತ್ತಿಲ್ಲದ ಮನೆ ಶ್ರಾಪ್‌ಶೈರಿನ ನಮ್ಮ ಈ ಸಣ್ಣ ಊರಿನಲ್ಲಿ ಒಂದೂ ಇಲ್ಲ. ನಾನು ಪಕ್ಕದ ಮನೆಯವನು. ಚಹಾಕ್ಕೆಂದು ಬಂದು ಗಂಡ ಹೆಂಡಿರ ಜಗಳದ ಮಧ್ಯೆ ಸಿಕ್ಕಿಬಿದ್ದಿದ್ದೆ. ಅವರ ಒಬ್ಬಳೇ ಮಗಳು ಹೆಸ್ಟರ್, ಪೇಟೆಯಲ್ಲಿ ಕೋಳಿ, ಹೆಬ್ಬಾತು ಮಾರುವ ಪ್ರಾಥರೊ ಮನೆಯ ನೆಡ್‌ನನ್ನು ಮೆಚ್ಚಿದ್ದಳು. ಈಗ ತೋಟದ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. ಅವಳನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಆದರೂ ಎದ್ದು ಹೋಗಲಿಲ್ಲ, ಕೇಕು ಚೆನ್ನಾಗಿತ್ತು.

ಮೇಜರ್: ಜನರಲ್ ಸರ್ ಗಾಡ್‌ಫ್ರೆ ಲಾಂಗ್ರಿಜ್ ವಂಶದ ಕುಡಿ ಹೆಬ್ಬಾತಿನ ಪುಕ್ಕ ಕೀಳೋದಾ? ಈ ವಂಶವೃಕ್ಷ ಹುಡುಕೋಕೆ ಎಷ್ಟು ಒದ್ದಾಡಿದೀನಿ ಗೊತ್ತಾ? ಯಾವ ಸ್ಮಶಾನ ಬಿಟ್ಟಿದೀನಿ?

ವಿನಿಫ್ರೆಡ್: ಗೊತ್ತಿಲ್ದೆ ಏನು! ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ ದಿನಾನೂ ಸ್ಮಶಾನಕ್ಕೇ ಕರ್ಕೊಂಡು ಹೋಗಿದ್ರಿ. ಮಳೇಲಿ ಕೊಡೆ ಹಿಡಿದದ್ದು ಸಮಾಧಿ ಕಲ್ಲಿಗೆ. ನಾನು ತೊಪ್ಪೆಯಾದೆ.

ಮೇಜರ್: ಅಕ್ಷರ ಅಳಿಸಿ ಹೋಗ್ತಿತ್ತು ಕಣೇ!

ಬೆಂಕಿಗೂಡಿನ ಮೇಲೆ ಒಂದು ಮರದ ಗುರಾಣಿ ತೂಗುತ್ತಿತ್ತು. ಚರ್ಚಿನಲ್ಲಿ ಆ ಜನರಲ್ಲರ ಸಮಾಧಿಯ ಮೇಲಿರುವ ಲಾಂಛನದ ನಕಲು, ಮೇಜರ್ ಸಾಹೇಬರು ಸ್ವಂತ ಕೈಯಾರೆ ಬಣ್ಣ ಬಳಿದದ್ದು. ಒಂದರ್ಧ ಗಂಡನ ಮನೆತನದ ಗುರುತು, ಇನ್ನೊಂದರ್ಧ ಹೆಂಡತಿಯ ತವರಿನದು. ನಾನು ಕೂತ ಕಡೆಯಿಂದ ಬಲಕ್ಕೆ ಸಿಂಹ, ಎಡಕ್ಕೆ ಮೂರು ಹೆಬ್ಬಾತು ಕಾಣುತ್ತಿದ್ದವು.

ಮೇಜರ್: ನೋಡು! ಗಂಡನದು ಯಾವಾಗ್ಲೂ ಬಲಕ್ಕೆ. ಸಿಂಹ ನಮ್ಮದು. ಎಡಗಡೆ ಬಾತು ಜನರಲ್ಲರ ಹೆಂಡತಿ, ನಮ್ಮ ಮುತ್ತಜ್ಜಿ ತವರಿಂದು. ಬಾತು ಮಾರೋನ ಮಗಳು, ಪಾಪ. ಜನರಲ್ಲರು ದೊಡ್ಡ ಮನಸ್ಸು ಮಾಡಿ ಕೈ ಹಿಡಿದ್ರು. ಒಂದು ಸಲ ಸಾಕು! ಮತ್ತೆ ನಮ್ಮ ರಕ್ತಕ್ಕೆ ಬಾತು ಬೇಡ.

ವಿನಿಫ್ರೆಡ್: ಆ ಮುತ್ತಜ್ಜಿ ರಕ್ತ ನಿಮ್ಮ ಮೈಯಲ್ಲಿಲ್ವಾ?

ಮೇಜರ್: ಇತ್ತು. ತೆಳ್ಳಗಾಯ್ತು.

ವಿನಿಫ್ರೆಡ್: ಅದಿರ್ಲಿ. ಮೊನ್ನೆ ಅಡ್ಮಿರಲ್ಲರ ಹೆಂಡತಿ ಮನೇಲಿ ಯಾಕಷ್ಟು ಕೂಗಾಡಿದ್ರಿ?

ಮೇಜರ್: ಕೂಗದೆ ಇನ್ನೇನು? ಆಯಮ್ಮನಿಗೆ ತನ್ನ ಮನೆ ಗುರಾಣಿ ಓದೋಕೇ ಬರಲ್ಲ! ಗುರಾಣಿಯ ಬಲ ಅಂದ್ರೆ ಅದನ್ನ ಹಿಡಿದು ನಿಂತೋನ ಬಲ. ಎದುರು ನಿಂತು ಬಾಯಿ ಬಿಡೋರ ಬಲ ಅಲ್ಲ. ಸಣ್ಣ ಮಕ್ಕಳಿಗೂ ಗೊತ್ತು!

ವಿನಿಫ್ರೆಡ್: ಹಿಡಿದೋನ ಬಲ.

ಮೇಜರ್: ಹಿಡಿದೋನ ಬಲ!

ವಿನಿಫ್ರೆಡ್ ಕುರ್ಚಿ ಹತ್ತಿ ಗುರಾಣಿ ಇಳಿಸಿ ಗಂಡನ ಎದೆಗೆ ಆನಿಸಿದರು.

ವಿನಿಫ್ರೆಡ್: ಹಿಡ್ಕೊಳ್ಳಿ. ಯುದ್ಧಕ್ಕೆ ಹೊರಟ ಹಾಗೆ, ನೆಟ್ಟಗೆ. ಈಗ ಬಲಗೈ ಅಲ್ಲಾಡಿಸಿ. ಆ ಕೈ ಕಡೆ ಏನಿದೆ?

ಮೇಜರ್ ಬಗ್ಗಿ ನೋಡಿದರು. ಮೀಸೆಯೇ ಸೋತು ಜೋಲುಬಿತ್ತು.

ಮೇಜರ್: ...ಬಾತು.

ವಿನಿಫ್ರೆಡ್: ಎಷ್ಟು?

ಮೇಜರ್: ಮೂರೂ.

ವಿನಿಫ್ರೆಡ್: ಗಂಡನದು ಬಲಕ್ಕೆ ಅಂದ್ರೆ ಬಾತು ಮಾರೋನ ಮಗ ನಿಮ್ಮ ಜನರಲ್ಲೇ. ದೊಡ್ಡ ಮನಸ್ಸು ಮಾಡಿದ್ದು ಮುತ್ತಜ್ಜಿ!

ಮೇಜರ್: ಮತ್ತೆ ಸೈನ್ಯದ ಹುದ್ದೆ ಹೇಗೆ ಸಿಕ್ತು?

ವಿನಿಫ್ರೆಡ್: ಆ ಕಾಲದಲ್ಲಿ ಹುದ್ದೆ ದುಡ್ಡಿಗೆ ಸಿಗ್ತಿತ್ತು ಅಂತ ಅಡ್ಮಿರಲ್ಲರ ಮಾವನ ಬಗ್ಗೆ ನೀವೇ ಆಡ್ಕೊಂಡಿದ್ರಲ್ಲ. ಸಿಂಹದ ಮಾವ ಕೊಡಿಸಿರ್ಬೇಕು, ಅಳಿಯ ಬಾತಿನ ಅಂಗಡೀಲಿ ಕೂತ್ರೆ ಮಾನ ಹೋಗುತ್ತೆ ಅಂತ.

ಮೇಜರ್: ಇಷ್ಟು ವರ್ಷ ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲ?

ವಿನಿಫ್ರೆಡ್: ಊರವರ ಗೋಡೆ ಮೇಲಿದ್ರೆ ಬೀಳ್ತಿತ್ತು.

ನಾನು ಚಹಾದ ಬಟ್ಟಲಿಗೆ ಮುಖ ಅಡಗಿಸಿದೆ. ಮೇಜರ್ ಜೋಲುಬಿದ್ದ ಮೀಸೆಯನ್ನು ಮತ್ತೆ ಮೇಲಕ್ಕೆ ತಿರುವಿಕೊಂಡರು.

ಮೇಜರ್: ಹಾಗಾದ್ರೆ ನಾಳೆ ನಾನು ಎದ್ದು ನಿಲ್ಲಲ್ಲ. ಇದು... ಇದು ಎರಡು ಪುರಾತನ ಮನೆತನಗಳ ಪುನರ್ಮಿಲನ!

ಹಿತ್ತಿಲ ಬಾಗಿಲು ದೂಡಿಕೊಂಡು ನೆಡ್‌ನ ತಾಯಿ ಶ್ರೀಮತಿ ಪ್ರಾಥರೊ ಒಳಗೆ ಬಂದರು. ಮೈಕಲ್ ಸಂತನ ಹಬ್ಬದ ಊಟಕ್ಕೆ ಹೇಳಿ ಕೊಲ್ಲಿಸಿದ್ದ ಹೆಬ್ಬಾತು ಕೈಯಲ್ಲಿ ಜೋಲುತ್ತಿತ್ತು.

ಮೇಜರ್: ಬನ್ನಿ ಬೀಗಿತ್ತಮ್ಮ, ಬನ್ನಿ! ನಾವೂ ನಿಮ್ಮೋರೇ!

ಪ್ರಾಥರೊ: ಕಿಟಕಿ ಹತ್ರ ಎಲ್ಲಾ ಕೇಳಿಸ್ತು ಸಾಹೇಬ್ರೇ. ಅದೇ ಈಗ ತೊಡಕಾಗಿರೋದು.

ಮೇಜರ್: ಏನು ತೊಡಕು?

ಪ್ರಾಥರೊ: ಜನರಲ್ಲರ ಮನೆ, ಹುಡುಗಿಗೆ ಕೆಲಸ ಬರದಿದ್ರೂ ಕಲಿಸ್ಕೊಳ್ಳೋಣ ಅಂತ ಒಪ್ಪಿದ್ವಿ. ನೋಡಿದ್ರೆ ನೀವು ನಮ್ಮ ಕಸಬಿನೋರು, ಅದೂ ನಡುವೆ ಕಸಬು ಬಿಟ್ಟು ಓಡಿದೋರು! ನಮ್ಮದು ತಲೆತಲಾಂತರದಿಂದ ಅದೇ ಅಂಗಡಿ, ಅದೇ ಕತ್ತಿ. ನೆಡ್‌ಗೂ ಇನ್ನೂ ಇಪ್ಪತ್ತೊಂದಾಗಿಲ್ಲ. ನಾಳೆ ಚರ್ಚಲ್ಲಿ ಅವನಪ್ಪ ಎದ್ದು ನಿಂತ್ರೆ ನನ್ನ ಬೈಬೇಡಿ.

ತೋಟದಲ್ಲಿ ಹೆಸ್ಟರ್ ಅಳು ನಿಲ್ಲಿಸಿ ಕಿವಿ ನಿಮಿರಿಸಿದಳು.

ವಿನಿಫ್ರೆಡ್: ಅಯ್ಯೋ, ಹಾಗನ್ಬೇಡಿ ತಾಯಿ! ಏನು ಮಾಡಿದ್ರೆ ನಿಮಗೆ ಒಪ್ಪಿಗೆ?

ಶ್ರೀಮತಿ ಪ್ರಾಥರೊ ಹೆಬ್ಬಾತನ್ನು ಮೇಜರ್ ತೊಡೆಯ ಮೇಲೆ ಧೊಪ್ಪನೆ ಹಾಕಿದರು.

ಪ್ರಾಥರೊ: ಸಾಹೇಬ್ರು ಇದರ ಪುಕ್ಕ ಕಿತ್ತು ತೋರಿಸ್ಲಿ. ಚರ್ಮ ಹರೀಬಾರ್ದು. ರಕ್ತದಲ್ಲಿದ್ರೆ ತಾನಾಗೇ ಬರುತ್ತೆ.

ಮೇಜರ್ ಹೆಂಡತಿಯನ್ನು ನೋಡಿದರು, ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಮಗಳನ್ನು ನೋಡಿದರು. ಗುರಾಣಿಯನ್ನು ಬದಿಗಿಟ್ಟು, ತೋಳು ಮಡಿಚಿ, ಬಾತಿನ ಮೇಲೆ ಕೈ ಹಾಕಿದರು.

ಪ್ರಾಥರೊ: ಬಲಗೈಲಿ ಕೀಳಿ ಸಾಹೇಬ್ರೇ. ಹಿಡಿದೋನ ಬಲಗೈಲಿ!