ಹನುಮಂತರಾಯರ ಮೂರು ಜೋಡಿ ಹಲಗೆ

ಗುಮಾಸ್ತ ಹನುಮಂತರಾಯರು ಮಾಡಿದ ತಪ್ಪೆಂದರೆ, ಒಂದು ಮಧ್ಯಾಹ್ನ ಕಚೇರಿಯಲ್ಲಿ ಹರಿದುಹೋಗಿದ್ದ ಫೈಲಿನ ಬೆನ್ನಿಗೆ ಅಂಟು ಹಚ್ಚಿದ್ದು. ಓವರ್‌ಸಿಯರ್ ಶ್ರೀನಿವಾಸರಾಯರು ಅದನ್ನು ನೋಡಿಬಿಟ್ಟರು.

ಕರ್ನೂಲು ಹೊಸ ಆಂಧ್ರ ರಾಜ್ಯಕ್ಕೆ ರಾಜಧಾನಿಯಾಗಿ ಆಗ ವರ್ಷವಾಗಿತ್ತಷ್ಟೆ. ಅಲ್ಲಿಂದ ಆದವಾನಿಯ ಈ ಕಚೇರಿಗೆ ಕಾಗದಗಳು ಮಿಡತೆಯ ಹಿಂಡಿನಂತೆ ಬರುತ್ತಿದ್ದವು. ಆ ವಾರ ಬಂದದ್ದರಲ್ಲಿ ಹೀಗಿತ್ತು: ನಂದವರಂ ಕಡೆ ಹೊಳೆ ದಾಟಲು ಮರದ ದೋಣಿ ಕಟ್ಟಬೇಕಾಗಿದೆ, ಹಲಗೆ ಬೆಸೆಯಲು ಯಾವ ಅಂಟು ನೀರಿಗೆ ತಾಳುತ್ತದೆಂದು ಹೋಲಿಸಿ ವರದಿ ಕಳಿಸತಕ್ಕದ್ದು. ಅಂಟಿನ ವಿಷಯ ನಿಮಗೆ ಗೊತ್ತಲ್ಲ ಎಂದು ಓವರ್‌ಸಿಯರರು ಕಾಗದವನ್ನು ರಾಯರ ಮೇಜಿಗೆ ಸರಿಸಿದರು. ವರದಿ ಕೊಟ್ಟ ಮೇಲೆಯೇ ರಜೆ ಎಂದೂ ಸೇರಿಸಿದರು.

ರಜೆ ಬೇಕಾಗಿದ್ದುದು ಮಗಳು ಜಯಾಳ ಸಂಬಂಧಕ್ಕೆ. ಶುಕ್ರವಾರ ಮದ್ದಿಕೇರಕ್ಕೆ ಹೋಗಿ ಮಾತು ಮುಗಿಸಬೇಕಿತ್ತು. ಹಿಂದೆ ಎರಡು ಸಂಬಂಧಗಳು ರಾಯರಿಗೆ ರಜೆ ಸಿಗದೆಯೇ ತಪ್ಪಿಹೋಗಿದ್ದವು.

ರಾಯರು ಅಂಟಿಸಿ ತರಲು ಮೂವರಿಗೆ ಎರಡೆರಡು ತೇಗದ ಹಲಗೆ ಕೊಟ್ಟರು. ಬಡಗಿ ಯಂಕಣ್ಣ ತೊಗಲು ಕುದಿಸಿ ಮಾಡಿದ ಸರೇಸು ಹಾಕುವೆನೆಂದ. ಪಕ್ಕದ ಮನೆಯ ಗಾದಿಲಿಂಗಮ್ಮ, ಹುಣಸೆ ಬೀಜದ ಅಂಟಿನ ಮುಂದೆ ಉಳಿದದ್ದೆಲ್ಲ ಗಂಜಿ ಎಂದಳು. ಕಬ್ಬಿಣದ ಅಂಗಡಿಯ ಯರ್ರೆಪ್ಪ ಮದರಾಸಿನಿಂದ ಬಂದ ಡಬ್ಬಿಯ ಪುಡಿಯನ್ನು ಕಲಸುವೆನೆಂದ.

ಗುರುವಾರ ಬೆಳಿಗ್ಗೆ ಹಲಗೆಗಳು ಮನೆಗೆ ಬಂದವು. ಸರೇಸಿನ ವಾಸನೆ ಹೊಡೆದದ್ದೇ ಹೆಂಡತಿ ಅಂಬೂಬಾಯಿ ಬಾಗಿಲಿಗೆ ಅಡ್ಡ ನಿಂತರು. ತೊಗಲಿನ ಅಂಟು ಹೊಸ್ತಿಲು ದಾಟಕೂಡದು, ಅದನ್ನು ಮುಟ್ಟಿದವರು ಕೂಡ. ಹಾಗಾಗಿ ರಾಯರು ಊಟವಿಲ್ಲದೆ, ಮೂರು ಜೋಡಿ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಕಚೇರಿಗೆ ನಡೆದರು.

ಕಚೇರಿಯ ಹಿತ್ತಲಿನಲ್ಲಿ ಕಲ್ಲಿನ ತೊಟ್ಟಿ ಇತ್ತು, ನೀರಿರಲಿಲ್ಲ. ಎಂಟು ಕೊಡ ನೀರು ಹೊರಿಸಿದರು. ಹಲಗೆ ಮುಳುಗಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಯಾರದೋ ಎಮ್ಮೆ ಅರ್ಧ ತೊಟ್ಟಿ ಕುಡಿದು, ಉಳಿದದ್ದರಲ್ಲಿ ಮೂತಿಯಿಟ್ಟು ಯೋಚಿಸುತ್ತ ನಿಂತಿತ್ತು. ಮತ್ತೆ ನಾಲ್ಕು ಕೊಡ. ಆಮೇಲೆ ರಾಯರು ಕೊಡೆ ಹಿಡಿದು, ಶೇಂಗಾ ಹೊಲದ ಬೆದರುಬೊಂಬೆಯ ಹಾಗೆ ನಾಲ್ಕು ಗಂಟೆಯವರೆಗೆ ಬಿಸಿಲಲ್ಲೇ ನಿಂತರು. ಅಂಟಿನ ಮೂವರೂ ಬೇವಿನ ನೆರಳಲ್ಲಿ ಕೂತು, ಒಬ್ಬರ ಅಂಟನ್ನೊಬ್ಬರು ಹೀಗಳೆಯುತ್ತ ಸಂಜೆ ಮಾಡಿದರು.

ನಾಲ್ಕಕ್ಕೆ ಓವರ್‌ಸಿಯರರ ಎದುರು ಜವಾನರಾದ ಮಾರೆಣ್ಣ, ಮೂಕಪ್ಪ ಹಲಗೆಗಳಿಗೆ ಹಗ್ಗ ಬಿಗಿದು ಜಗ್ಗಿದರು. ಮೊದಲ ಜೋಡಿ ಬಿಡಲಿಲ್ಲ. ಎರಡನೆಯದೂ ಬಿಡಲಿಲ್ಲ. ಮೂರನೆಯದನ್ನು ಜಗ್ಗಿದಾಗ ಹಗ್ಗ ಹರಿದು ಮೂಕಪ್ಪ ತೊಟ್ಟಿಯೊಳಗೆ ಬಿದ್ದ. ಹಲಗೆ ಮಾತ್ರ ಅಲುಗಲಿಲ್ಲ. ಮೂರೂ ಉತ್ತಮವೆಂದು ವರದಿ ಬರೆದದ್ದಾಯಿತು. ರಜೆಯ ಅರ್ಜಿಗೆ ರುಜು ಬಿತ್ತು.

ರಾಯರು ಗೇಟು ದಾಟುವಾಗ ಯಂಕಣ್ಣ ಹತ್ತಿರ ಬಂದು ದನಿ ತಗ್ಗಿಸಿದ.

“ಸಾಮಿ, ಸರೇಸು ನೀರಿಗೆ ನಿಲ್ಲೂದಿಲ್ರಿ. ಮರ್ಯಾದಿ ಹೋಗ್ತೈತಂತ ತಲಿ ಕಾಣದಂಗ ಎರಡು ಮೊಳಿ ಹೊಡದೀನಿ. ಅವರಿಬ್ಬರಿಗೆ ಹೇಳಬ್ಯಾಡ್ರಿ.”

ಓಣಿಯ ತಿರುವಿನಲ್ಲಿ ಗಾದಿಲಿಂಗಮ್ಮ ಕಾದಿದ್ದಳು. ಆಕೆಯದು ನಾಲ್ಕು ಮೊಳೆ, ಅಳಿಯನ ಕೈಯಲ್ಲಿ ಹೊಡೆಸಿದ್ದು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಳು. ರಾಯರು ನೇರವಾಗಿ ಯರ್ರೆಪ್ಪನ ಅಂಗಡಿಗೆ ಹೋಗಿ ನಿಂತರು. ಯರ್ರೆಪ್ಪ ನೆಲ ನೋಡಿದ.

“ನನ್ನ ಅಂಗಡ್ಯಾಗ ಮೊಳಿಗೆ ಬರ ಐತೇನ್ರಿ, ರಾಯರ.”

ಕಿಸೆಯಲ್ಲಿ ರಜೆಯ ಕಾಗದ ಬೆಚ್ಚಗಿತ್ತು. ಸುಮ್ಮನೆ ಮನೆಗೆ ಹೋಗಬಹುದಿತ್ತು. ಆದರೆ ರಾಯರ ಕಣ್ಣ ಮುಂದೆ ಕೂಸು ಎತ್ತಿಕೊಂಡ ಹೆಂಗಸರು ತುಂಬಿದ ದೋಣಿಯೊಂದು ನಡುಹೊಳೆಯಲ್ಲಿ ಬಾಯಿ ಬಿಡುತ್ತಿತ್ತು. ಅವರು ಕಾಲೆಳೆಯುತ್ತ ಹಿಂದಿರುಗಿ, ಎಲ್ಲವನ್ನೂ ಓವರ್‌ಸಿಯರರ ಮುಂದೆ ಹೇಳಿಬಿಟ್ಟರು.

ಶ್ರೀನಿವಾಸರಾಯರು ಕನ್ನಡಕ ತೆಗೆದು ಒರೆಸಿದರು.

“ಹನುಮಂತರಾವ್, ಆ ದೋಣಿ ಹೊಳಿಗೆ ಇಳಿದು ಹದಿನೈದು ದಿನ ಆತು. ಈ ಕಾಗದ ಅದಕ್ಕಿಂತ ಮೊದಲು ಕರ್ನೂಲಿಂದ ಹೊಂಟಿದ್ದು, ಇಲ್ಲಿ ಮುಟ್ಟೂದು ತಡಾತು. ಫೈಲಿಗೆ ಒಂದು ವರದಿ ಬೇಕಿತ್ತು, ಅಷ್ಟ.”

“ಯಾವ ಅಂಟು ಹಾಕ್ಯಾರ್ರಿ ಅದಕ್ಕ?”

“ಅಂಟೆಲ್ಲಿದು? ಮೊಳಿ ಹೊಡದಾರ.”

ರಾಯರಿಗೆ ಕೂರಬೇಕೆನಿಸಿತು. ಕುರ್ಚಿ ದೂರವಿತ್ತು.

“ನೀವು ಸುಮ್ಮನಿದ್ದಿದ್ರ ಇವತ್ತು ಫೈಲು ಮುಗೀತಿತ್ತು,” ಎಂದು ಓವರ್‌ಸಿಯರರು ಕೈ ಚಾಚಿ ರಜೆಯ ಕಾಗದವನ್ನು ಇಸಿದುಕೊಂಡರು. “ಈಗ ನನಗೂ ಗೊತ್ತಾತು. ಗೊತ್ತಿದ್ದೂ ಸುಳ್ಳು ವರದಿ ಕಳಸೂದು ಹ್ಯಾಂಗ? ನಾಳಿಂದ ಮೊದಲಿಂದ ಮಾಡ್ರಿ. ಈ ಸಲ ನಿಮ್ಮ ಕೈಯಾರೆ ಅಂಟು ಹಚ್ರಿ.”

ಅವರು ಶುಕ್ರವಾರದ ರಜೆಯ ಕಾಗದವನ್ನು ನಾಜೂಕಾಗಿ ಹರಿದು ಎರಡು ಮಾಡಿದರು. ಹನುಮಂತರಾಯರು ಆ ಎರಡು ಚೂರುಗಳನ್ನೇ ನೋಡುತ್ತ, ಅಂಟಿಸಲು ಹಲಗೆ ಮೂರೇ ಜೋಡಿ ಸಾಕಾಗುತ್ತದೆಯೇ ಎಂದು ಕೇಳಿದರು.