ಪಂಚತಾರಾ ಹೋಟೆಲಿನಲ್ಲಿ ನೀರು ಹಿಡಿದದ್ದು

ಕೆಲವರಿಗೆ ಇಸ್ಪೀಟು ಕಂಡರೆ ಕೈ ತುರಿಸುತ್ತದೆ. ನನಗೆ ನಲ್ಲಿ ಕಂಡರೆ. ಹರಿಯುವ ನಲ್ಲಿಯ ಕೆಳಗೆ ಏನಾದರೊಂದು ಪಾತ್ರೆ ಇಡದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಇದು ದುರಾಸೆಯಲ್ಲ, ಚಿತ್ರದುರ್ಗದ ಬಾಡಿಗೆ ಮನೆಯಲ್ಲಿ ಸಂಸಾರ ಮಾಡಿದ್ದರ ಫಲ. ತೊಂಬತ್ತರ ದಶಕ ಮುಗಿಯುವ ಹೊತ್ತಿನ ಮಾತು. ನಮ್ಮ ಬೀದಿಗೆ ಆಗ ನೀರು ಬರುತ್ತಿದ್ದದ್ದು ಐದು ದಿನಕ್ಕೊಮ್ಮೆ, ಅದೂ ಅದಕ್ಕೆ ಮನಸ್ಸಾದರೆ. "ರೀ, ನಲ್ಲಿ ಬಂತು!" ಎಂದು ನನ್ನ ಹೆಂಡತಿ ಗಿರಿಜ ಕೂಗಿದಳೆಂದರೆ ಮುಖಕ್ಕೆ ಹಚ್ಚಿದ ಸೋಪನ್ನೂ ತೊಳೆಯದೆ ಕೊಡ ಹಿಡಿದು ಓಡಬೇಕು. ಹಂಡೆ, ಡ್ರಮ್ಮು, ಬಕೆಟ್ಟು ಎಲ್ಲ ತುಂಬಿ, ಕೊನೆಗೆ ದೇವರ ಮನೆಯ ಪಂಚಪಾತ್ರೆಯೂ ತುಂಬಿದರೇ ಅವಳಿಗೆ ನೆಮ್ಮದಿ.

ಹಿಡಿಯುವುದು ನನ್ನ ಕೆಲಸ, ಉಳಿಸುವುದು ಅವಳದು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸಲು, ನೆಲ ಒರೆಸಿದ್ದು ಪಾಯಖಾನೆಗೆ. ನಾನಿದನ್ನು ಜಿಪುಣತನ ಎಂದು ಗೇಲಿ ಮಾಡುತ್ತಿದ್ದೆ. ಹೀಗಿರುವಾಗ ಬೆಂಗಳೂರಿನ ಒಂದು ಪಂಚತಾರಾ ಹೋಟೆಲಿನವರು ತಮ್ಮ ಪರಿಸರ ಕಾಳಜಿಯ ಅಂಗವಾಗಿ ನೀರಿನ ಮಿತಬಳಕೆಯ ಬಗ್ಗೆ ಮೇಷ್ಟ್ರುಗಳಿಂದ ಪ್ರಬಂಧ ಕರೆದರು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುವ ನಾನು ಗಿರಿಜಳ ಜಿಪುಣತನವನ್ನೇ ಗ್ರಾಂಥಿಕ ಭಾಷೆಗೆ ಇಳಿಸಿ, 'ಸರಣಿ ಮರುಬಳಕೆ: ನನ್ನ ಪ್ರಯೋಗಗಳು' ಎಂದು ಹೆಸರಿಟ್ಟು ಕಳಿಸಿದೆ. ಬಂದು ಓದಿ, ಒಳ್ಳೆಯದಕ್ಕೆ ಬಹುಮಾನವಿದೆ ಎಂದು ಕಾಗದ ಬಂತು.

ಹೊರಡುವ ದಿನ ಗಿರಿಜ ಚಟ್ನಿಪುಡಿ ಕಟ್ಟಿಕೊಡುತ್ತ, "ಎಲ್ಲಾ ನಂದೇ ಐತಲ್ರೀ ಅದ್ರಾಗೆ. ಒಂದ್ಸಲನಾದ್ರೂ ನನ್ ಹೆಸ್ರು ಹೇಳ್ರಿ" ಅಂದಳು.

"ಸಭೆಯಾಗೆ ಹೆಂಡ್ತಿ ಹೆಸ್ರು ಹೇಳಕಾಗುತ್ತೇನೆ? ಜನ ನಗಲ್ವ?" ಅಂದೆ.

ಅವಳು ಚಟ್ನಿಪುಡಿಯ ಗಂಟನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಕಟ್ಟಿ ಕೈಗಿಟ್ಟಳು. ಅವಳು ಹಾಗೆ ಗಂಟು ಬಿಗಿದರೆ ನನಗೆ ಭಯ. ಆದರೂ ಬಸ್ಸು ಹತ್ತಿದೆ.

ಹೋಟೆಲಿನಲ್ಲಿ ನನಗೂ ನನ್ನಂತೆಯೇ ಪ್ರಬಂಧ ಓದಲು ಬಂದಿದ್ದ ತುರುವನೂರಿನ ಬಸಣ್ಣ ಮೇಷ್ಟ್ರಿಗೂ ಸೇರಿಸಿ ಒಂದು ಕೋಣೆ ಕೊಟ್ಟರು. ಅದರ ಬಚ್ಚಲು ನಮ್ಮ ಅಡುಗೆಮನೆಗಿಂತ ದೊಡ್ಡದು. ಕನ್ನಡಿಯ ಪಕ್ಕ ಒಂದು ಹಸಿರು ಕಾರ್ಡು: 'ನೀರು ಅಮೂಲ್ಯ. ದಯವಿಟ್ಟು ಸಹಕರಿಸಿ.' ನಮ್ಮ ಕಡೆ ನೀರಿನ ವಿಷಯದಲ್ಲಿ ಇಷ್ಟು ವಿನಯ ಕಾಣುವುದು ಪೈಪು ಒಡೆದಾಗ ಮಾತ್ರ. ಆಟೋದಲ್ಲಿ ಮೈಕು ಕಟ್ಟಿಕೊಂಡು 'ಸಾರ್ವಜನಿಕರು ಸಹಕರಿಸಬೇಕು' ಎಂದು ಕೂಗಿಕೊಂಡು ಹೋದರೆಂದರೆ ಇನ್ನೊಂದು ವಾರ ನೀರಿಲ್ಲವೆಂದೇ ಅರ್ಥ.

ಕಾರ್ಡು ಓದಿದ ಬಸಣ್ಣನವರ ಮುಖ ಸಣ್ಣದಾಯಿತು. "ನಿಲ್ಲಿಸ್ತಾರೆ ಕಣ್ರಿ ಇವ್ರು. ಬರೋವಾಗ್ಲೇ ಹಿಡ್ಕಂಬಿಡಾಣ" ಅಂದರು.

ಹಿಡಿದೆವು. ಬಾತ್‌ಟಬ್ಬು ಅಂಚಿನವರೆಗೆ, ಐಸು ಹಾಕುವ ಡಬ್ಬಿ, ಚಹಾದ ಕೆಟಲು, ಹೂದಾನಿ, ಎರಡು ಗಾಜಿನ ಲೋಟ, ಕೊನೆಗೆ ತೊಳೆದ ಕಸದ ಬುಟ್ಟಿ. ಧೂಳು ಬೀಳದಿರಲೆಂದು ಬಸಣ್ಣನವರು ಟಬ್ಬಿನ ಮೇಲೆ ಬಿಳಿ ಟವೆಲ್ಲು ಬೇರೆ ಮುಚ್ಚಿದರು.

ಬೆಳಿಗ್ಗೆ ಎದ್ದು ನಲ್ಲಿ ತಿರುಗಿಸಿದರೆ ನೀರು ಧೋ ಎಂದು ಬಂತು. ಸ್ವಲ್ಪ ನಿರಾಶೆಯೇ ಆಯಿತೆನ್ನಿ. ಈಗ ತುಂಬಿದ ಟಬ್ಬನ್ನು ಏನು ಮಾಡುವುದು? ಬಿರಡೆ ಕೀಳಲು ಹೋದರೆ ಗಿರಿಜ ಬೆನ್ನ ಹಿಂದೆ ನಿಂತಂತಾಗಿ ಕೈ ಬರಲಿಲ್ಲ. ಲೋಟದಲ್ಲಿ ಮೊಗೆದು ಇಬ್ಬರೂ ಸ್ನಾನ ಮಾಡಿದೆವು, ಬನೀನು ಪಂಚೆ ಒಗೆದೆವು. ಟಬ್ಬು ಮಾತ್ರ ಅರ್ಧಕ್ಕೂ ಇಳಿಯಲಿಲ್ಲ.

"ಕೆಳಗೆ ಲಾಬಿಯಾಗೆ ಸಾಲಾಗಿ ಗಿಡ ಅವಲ್ರಿ, ಪಾಪ, ಅವುಕ್ಕೆ ಹಾಕಾಣ" ಅಂದರು ಬಸಣ್ಣ.

ಐಸಿನ ಡಬ್ಬಿಯಲ್ಲಿ ನೀರು ತುಂಬಿಕೊಂಡು ನಾನು ಲಿಫ್ಟಿನಲ್ಲಿ ಮೂರು ಸಲ ಓಡಾಡಿದೆ. ಮೂರನೆಯ ಸಲ ಕುಂಡ ತುಂಬಿ ನೀರು ಅಮೃತಶಿಲೆಯ ನೆಲದ ಮೇಲೆ ಹರಿಯತೊಡಗಿತು. ಮಣ್ಣು ಕುಡಿಯುತ್ತಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಸೂಟು ತೊಟ್ಟ ಮ್ಯಾನೇಜರು ಬಂದರು.

"ಸರ್, ಇವು ಪ್ಲಾಸ್ಟಿಕ್" ಎಂದು ಮೆಲ್ಲಗೆ ಒಂದು ಎಲೆ ಮುಟ್ಟಿ ತೋರಿಸಿದರು. "ನೀರು ಉಳಿಸೋಕೇ ಅಂತ ಇಟ್ಟಿರೋದು."

ಹದಿನೈದು ವರ್ಷ ಮಕ್ಕಳಿಗೆ ಎಲೆಯ ಭಾಗಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದವನು ನಾನು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಲ್ಲಿ ಅದೂ ಅಮೃತಶಿಲೆ.

ಒಂದು ಗಂಟೆಯ ನಂತರ ನನ್ನ ಪ್ರಬಂಧ. ಮೊದಲ ಸಾಲಿನಲ್ಲಿ ಅದೇ ಮ್ಯಾನೇಜರು. 'ನನ್ನ ಪ್ರಯೋಗಗಳು' ಎಂದು ಓದುವಾಗಲೆಲ್ಲ ನನ್ನ ಕಣ್ಣು ಅವರ ಒದ್ದೆ ಬೂಟಿನ ಕಡೆಗೇ ಹೋಗುತ್ತಿತ್ತು. ಓದಿ ಮುಗಿಸಿದೊಡನೆ ಅವರು ಎದ್ದು, "ಇದನ್ನೆಲ್ಲ ಸ್ವತಃ ನೀವೇ ಮಾಡ್ತೀರಾ, ಸರ್?" ಎಂದು ಕೇಳಿದರು. ಕೇಳಿದ್ದರಲ್ಲಿ ಕೊಂಕಿತ್ತೋ ಇಲ್ಲವೋ, ನನಗಂತೂ ಬೆವರು ಕಿತ್ತುಕೊಂಡಿತು. ಬಸಣ್ಣನವರ ಕಡೆ ನೋಡಿದೆ. ಅವರು ಛಾವಣಿಯ ದೀಪ ಎಣಿಸುತ್ತಿದ್ದರು.

"ಇಲ್ಲ" ಅಂದೆ. "ಎಲ್ಲ ನನ್ನ ಹೆಂಡತಿ ಗಿರಿಜಂದು. ನಾನು ನೀರು ಹಿಡಿಯೋನು, ಅಷ್ಟೇ."

ನಗುತ್ತಾರೆಂದುಕೊಂಡೆ. ಚಪ್ಪಾಳೆ ತಟ್ಟಿದರು. ಮೊದಲ ಬಹುಮಾನ ಗಿರಿಜಳ ಹೆಸರಿಗೇ ಬಂತು: ಚೌಕಟ್ಟು ಹಾಕಿದ ಪ್ರಶಸ್ತಿಪತ್ರ, ಜೊತೆಗೆ ಹೋಟೆಲಿನ ನೆನಪಿಗೆಂದು ಲಾಬಿಯ ಒಂದು ಪ್ಲಾಸ್ಟಿಕ್ ಗಿಡ.

ಮನೆಗೆ ಬಂದು, "ಎಲ್ಲರೆದ್ರಿಗೆ ನಿನ್ ಹೆಸ್ರು ಹೇಳ್ದೆ ನೋಡು" ಎಂದು ಎದೆಯುಬ್ಬಿಸಿದೆ. ಅವಳ ಕಣ್ಣು ತುಂಬಿತು. ನನಗೆ ನಿಜವಾಗಿಯೂ ನಾಚಿಕೆಯಾಯಿತು, ಆದರೆ ಹೇಳಿದ್ದೇಕೆಂದು ಬಾಯಿ ಬಿಡುವಷ್ಟು ಆಗಲಿಲ್ಲ. ಮುಂದಿನ ವಾರ ಬಸಣ್ಣನವರು ಬಂದು, ಒಂದು ಲೋಟ ಕಾಫಿಗೆ ಲಾಬಿಯ ಕಥೆಯನ್ನೆಲ್ಲ ಗಿರಿಜಳಿಗೆ ಒಪ್ಪಿಸಿಬಿಟ್ಟರು.

ಈಗ ಆ ಗಿಡ ಹಾಲಿನಲ್ಲಿ ಪ್ರಶಸ್ತಿಪತ್ರದ ಕೆಳಗೆ ನಿಂತಿದೆ. ವಾರಕ್ಕೊಮ್ಮೆ ಅದರ ಧೂಳು ಒರೆಸುವ ಕೆಲಸ ನನ್ನದು. "ಒಣ ಬಟ್ಟೆಯಾಗೆ ಒರೆಸ್ರಿ, ನೀರು ಮುಟ್ಟಿಸ್ಬ್ಯಾಡ್ರಿ" ಎಂದು ಪ್ರತಿ ಸಲವೂ ಎಚ್ಚರಿಕೆ. ನೆಂಟರು ಬಂದರೆ ಗಿರಿಜ ಗಿಡ ತೋರಿಸಿ ಕಥೆ ಹೇಳುತ್ತಾಳೆ. ಗಂಡನ ಹೆಸರು ಎತ್ತಬಾರದೆಂದು ನಂಬಿದವಳು, ಇವತ್ತಿಗೂ ನನ್ನನ್ನು 'ನಮ್ಮನೆಯವರು' ಎನ್ನುವವಳು. ಈ ಕಥೆಯಲ್ಲಿ ಮಾತ್ರ ನನ್ನ ಹೆಸರನ್ನು, ಇನಿಷಿಯಲ್ ಸಮೇತ, ಒಮ್ಮೆಯೂ ಬಿಟ್ಟವಳಲ್ಲ.