ಎಂಟು ಆವರ್ತದ ಮೌನ

ಕ್ಲಾರಿನೆಟ್ ನುಡಿಸುವಾಗ ನನಗೆ ಯಾವ ಅನಾಹುತವೂ ಆಗಿಲ್ಲ. ಆಗುವುದೆಲ್ಲ ನುಡಿಸದೆ ಸುಮ್ಮನಿರುವಾಗ. ಹಗಲು ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ, ಸಂಜೆ ನಂಜನಗೂಡಿನಲ್ಲಿ ನಿವೃತ್ತ ಬ್ಯಾಂಡ್ ಮೇಷ್ಟ್ರೊಬ್ಬರ ಬಳಿ ಪಾಠ. ಬಿ.ಎಸ್ಸಿ. ಮಾಡಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ.

ಖಾಲಿ ಜಾಗ

ಮೊದಲ ಹಾಳೆಯಲ್ಲಿ ಸ್ವರಗಳ ನಡುವೆ ಕೊಕ್ಕೆಯಂಥ ಗುರುತುಗಳಿದ್ದವು. "ಅಲ್ಲಿ ನುಡಿಸಬಾರದು" ಎಂದರು ಮೇಷ್ಟ್ರು. ನಾನು ಅವನ್ನು ಬಿಟ್ಟು ನೇರ ಮುಂದಿನ ಸ್ವರಕ್ಕೆ ಹೋದೆ.

"ನಡುವಿನ ಎರಡು ಎಣಿಕೆ ಎಲ್ಲಯ್ಯಾ?"

"ಅಲ್ಲೇನೂ ಇರಲಿಲ್ವಲ್ಲ ಸಾರ್."

"ಮೈಸೂರಿಗೆ ರೈಲಲ್ಲಿ ಹೋಗ್ತೀಯಲ್ಲ, ಸ್ಟೇಷನ್ ಇಲ್ಲದ ಕಡೆ ಹಳಿ ಕಿತ್ತಾಕ್ತಾರೇನಯ್ಯಾ?"

ಮನೆಪಾಠ

ನಮ್ಮ ಆರು ಜನರ ತಂಡಕ್ಕೆಂದು ಮೇಷ್ಟ್ರು ಬರೆದ ಹೊಸ ಹಾಡಿನ ನಡುವೆ ಎಂಟು ಆವರ್ತ ಇಡೀ ತಂಡವೇ ಮೌನ. ಒಂದು ಆವರ್ತಕ್ಕೆ ನಾಲ್ಕು ಎಣಿಕೆ. ಒಂಬತ್ತನೆಯದಕ್ಕೆ ನಾನೂ ಡ್ರಮ್ಮೂ ಒಟ್ಟಿಗೆ ಶುರುಮಾಡಬೇಕು. ನನಗೆ ಬಾರದಿದ್ದದ್ದು ಆ ಮೌನವೊಂದೇ, ಅಷ್ಟನ್ನೇ ಅಭ್ಯಾಸ ಮಾಡಿದೆ. ಕ್ಲಾರಿನೆಟ್ ಬಾಯಲ್ಲಿಟ್ಟು ಕಾಲು ತಟ್ಟುತ್ತ ನಿಂತವನನ್ನು ಪಕ್ಕದ ಮನೆಯಾಕೆ ಕಿಟಕಿಯಿಂದ ನೋಡಿದರು.

"ಯಾಕ್ರೀ, ನಿಮ್ಮ ಮಗ ಊದ್ತಾನೇ ಇಲ್ಲ?"

"ಈಗ ಸುಮ್ನಿರೋದು ಕಲೀತಾವ್ನೆ ಕಣ್ರೀ" ಎಂದಳು ಅಮ್ಮ.

"ಹೌದಾ? ನಮ್ಮನೆಯವ್ರನ್ನೂ ಸೇರಿಸ್ಕೊಳ್ತಾರಾ ಕೇಳಿ."

ಗಡುವು

ತಾಲೀಮಿನಲ್ಲಿ ಮೂರು ಸಲವೂ ಏಳನೇ ಆವರ್ತಕ್ಕೇ ಊದಿಬಿಟ್ಟೆ. "ಟಿ. ನರಸೀಪುರದ ಕಾರ್ಯಕ್ರಮದಲ್ಲಿ ಹಿಂಗಾದ್ರೆ ಕ್ಲಾರಿನೆಟ್ಟು ಬೇರೆಯವರಿಗೆ" ಎಂದರು ಮೇಷ್ಟ್ರು. ವಾದ್ಯ ಅವರದು.

ಆಶ್ಚರ್ಯವೆಂದರೆ ಪ್ರತಿ ಸಲವೂ ಡ್ರಮ್ಮು ನನ್ನ ಜೊತೆಗೇ ತಪ್ಪುತ್ತಿತ್ತು. ಡ್ರಮ್ಮಿನವನು ಹದಿನಾರು ಎಂಬ ಊರಿನ ರೈತ. "ನೀನು ಎಣಿಸಲ್ವೇನೋ?" ಎಂದು ಕೇಳಿದೆ.

"ನಾನ್ಯಾಕ್ ಎಣಿಸ್ಲಿ ಸಾ, ಓದಿರೋರು ನೀವಿದ್ದೀರಲ್ಲ. ನಿಮ್ ಮಕ ನೋಡ್ತೀನಿ."

ಅಲ್ಲಿಯವರೆಗೆ ನಾನು ಅವನ ಕೈ ನೋಡುತ್ತಿದ್ದೆ.

ಸನ್ಮಾನ

ಅಂದಿನಿಂದ ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ ಬೆರಳು ಮಡಚಿ ಎಣಿಸಿದೆ. ಏನೇ ಆಗಲಿ, ಒಂಬತ್ತಕ್ಕೆ ಮೊದಲು ಊದಬಾರದು.

ನರಸೀಪುರದ ಭವನ ತುಂಬಿತ್ತು. ಅರ್ಧ ಹಾಡು ಚೆನ್ನಾಗಿ ನಡೆದು ಮೌನ ಬಂತು. ನಮ್ಮ ಕಡೆ ವಾದ್ಯ ನಿಂತರೆ ಸನ್ಮಾನ ಶುರು. ಕಾರ್ಯಕ್ರಮ ಏರ್ಪಡಿಸಿದ್ದ ಸಂಘದ ಅಧ್ಯಕ್ಷರು ಆರು ಶಾಲು ತೋಳಿಗೆ ಹಾಕಿಕೊಂಡು ವೇದಿಕೆ ಹತ್ತಿಯೇಬಿಟ್ಟರು. ಮೇಷ್ಟ್ರು ಕಣ್ಣು ಮುಚ್ಚಿ, ತುಟಿ ಆಡಿಸುತ್ತ ಎಣಿಸುತ್ತಿದ್ದರು. ಮೊದಲ ಕುರ್ಚಿ ನನ್ನದು. ಶಾಲು ಬಿತ್ತು. ಹಣ್ಣಿನ ಬುಟ್ಟಿ ತೊಡೆಯೇರಿತು. ತಲೆಗಿಟ್ಟ ಪೇಟ ಕಣ್ಣಿನವರೆಗೆ ಇಳಿಯಿತು.

"ಎರಡ್ ಮಾತಾಡಿ ಸಾ" ಎಂದು ಮೈಕ್ ಹಿಡಿದರು.

ಇನ್ನೂ ಐದು ಆವರ್ತ ಬಾಕಿ ಎಂದು ಐದು ಬೆರಳು ತೋರಿಸಿದೆ.

"ಐದ್ ನಿಮಿಷ ಮಾತಾಡ್ತಾರಂತೆ!" ಎಂದು ಘೋಷಿಸಿದರು. ಚಪ್ಪಾಳೆ.

ನಾನು ಎಣಿಸುತ್ತಲೇ ಇದ್ದೆ. ಒಂಬತ್ತಕ್ಕೆ ಸರಿಯಾಗಿ, ಕಣ್ಣು ಕಾಣದಿದ್ದರೂ, ಮೈಕಿಗೇ ಊದಿದೆ. ಅಧ್ಯಕ್ಷರು ಹಿಂದಕ್ಕೆ ಹಾರಿದರು. ಪೇಟದಡಿ ನನ್ನ ಮುಖ ಕಾಣದೆ ಡ್ರಮ್ಮಿನವನು ಮೊದಲ ಸಲ ತಾನೇ ಎಣಿಸಿ ಸರಿಯಾಗಿ ಬಡಿದ.

ಹಾಡು ಮುಗಿಯಿತು. "ಕ್ಲಾರಿನೆಟ್ಟು ನಿನ್ ಹತ್ರಾನೇ ಇರ್ಲಿ" ಎಂದು ಪಿಸುಗುಟ್ಟಿದರು ಮೇಷ್ಟ್ರು.

ಆದರೆ ಚಪ್ಪಾಳೆ ಇಲ್ಲ. ಎಲ್ಲಿ ಮತ್ತೆ ಊದುತ್ತಾರೋ ಎಂದು ಇಡೀ ಭವನ ಉಸಿರು ಹಿಡಿದು ಕೂತಿತ್ತು. ಕೊನೆಗೆ ಮಿಕ್ಕ ಐದು ಶಾಲು ಹೊತ್ತ ಅಧ್ಯಕ್ಷರು ಮೇಷ್ಟ್ರ ಕಡೆ ಬಗ್ಗಿ, ಮೈಕ್ ಆಫ್ ಮಾಡದೆಯೇ, ಮೆತ್ತಗೆ ಕೇಳಿದರು:

"ಮಿಕ್ಕೋರಿಗೆ ಹೊದಿಸ್ಬೋದಾ ಸಾ, ಇಲ್ಲ ಇನ್ನೂ ಎಣಿಸ್ತಾವ್ರಾ?"